ಸಾಸಿವೆಗೆ ಕುರಿ ಬಿಟ್ಟ ವರ್ಷ

ಅಕ್ಟೋಬರ್ ೨೦. ಬಿತ್ತನೆಯ ದಿನ

ಇವತ್ತು ಬಿತ್ತಿದೆ. ಎರಡು ಎಕರೆ, ಪೂರ್ತಿ ಸಾಸಿವೆ. ಕೊನೆಯ ಮಳೆ ನಿಂತು ನಾಲ್ಕು ದಿನವಾಗಿತ್ತು, ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು. ಇನ್ನು ಫೆಬ್ರವರಿವರೆಗೆ ಆಕಾಶದಿಂದ ಒಂದು ಹನಿಯನ್ನೂ ನಾನು ನಂಬುವುದಿಲ್ಲ. ನೆಲದೊಳಗೆ ಈಗ ಎಷ್ಟಿದೆಯೋ ಅಷ್ಟೇ.

ಅಪ್ಪನಿಗೂ ನನಗೂ ಆದ ಮಾತನ್ನು ಬರೆದಿಡುತ್ತೇನೆ, ಆಮೇಲೆ ಯಾರೂ ತಿರುಗಿಸಬಾರದು. ಅಪ್ಪ ಈ ಹೊಲದಲ್ಲಿ ಬೋರ್ ಕೊರೆಸಿ ಅಡಿಕೆ ಸಸಿ ಹಾಕಬೇಕೆಂದು ಕೂತಿದ್ದಾರೆ. ಕುಣಿಗಲ್ ಕಡೆಯಿಂದ ಒಬ್ಬ ಬಂದು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ತಿರುಗಿ, ಕಾಯಿ ಎದ್ದು ನಿಂತ ಜಾಗಕ್ಕೆ ಕಲ್ಲು ನೆಟ್ಟು ಹೋಗಿದ್ದಾನೆ. ಸಾವಿರ ಅಡಿಗೆ ಹೋಗಬೇಕಂತೆ. ಆ ಕಲ್ಲಿನಿಂದ ಐವತ್ತು ಮಾರು ದೂರದಲ್ಲಿ, ಪೂರ್ವದ ಬದುವಿನ ಆಚೆ, ಗಂಗಲಕ್ಷ್ಮಮ್ಮನ ಹಳೆಯ ಬೋರ್ ಇದೆ. ಇನ್ನೂರು ಅಡಿ, ಕಿರುಬೆರಳಷ್ಟು ನೀರು. ಆ ನೀರನ್ನು ನಂಬಿ ಎರಡು ಹಸು, ಎರಡು ಹಸುಗಳನ್ನು ನಂಬಿ ಒಬ್ಬ ವಿಧವೆ. ನಮ್ಮ ಹೊಲಕ್ಕೆ ಬೋರ್ ಕೊರೆಯುವ ಲಾರಿ ಬಂದರೆ ಅವರ ಬೋರ್ ಒಂದು ಬೇಸಿಗೆ ತಡೆಯುವುದಿಲ್ಲ. ಇದು ನನಗೆ ಗೊತ್ತು. ಅಪ್ಪನಿಗೂ ಗೊತ್ತು.

ಮೊನ್ನೆ ಊಟದ ತಟ್ಟೆಯ ಮುಂದೆ ಅಪ್ಪ ಅಂದರು: "ನೀರಿಲ್ದೆ ಸಾಸಿವೆ ಬರುತ್ತೆ ಅಂತೀಯಲ್ಲ, ಬೆಳ್ದು ತೋರ್ಸು. ಹತ್ತು ಮೂಟೆ ಬರ್ಲಿ, ಬೋರ್ ಮಾತೇ ಎತ್ತಲ್ಲ. ಒಂದು ಸೇರು ಕಮ್ಮಿ ಬಂದ್ರೂ ಶಿವರಾತ್ರಿ ಆದ್ಮೇಲೆ ಲಾರಿ ಬರುತ್ತೆ. ಆಗ ಅಡ್ಡ ಮಲಗೋದು ಗಿಲಗೋದು ಏನೂ ಮಾಡ್ಬಾರ್ದು."

"ಒಪ್ಕೊಂಡೆ," ಅಂದೆ.

"ಹೂಂ ಅನ್ನೋಕ್ ಮುಂಚೆ ಒಂದ್ಸಲ ಯೋಚ್ನೆ ಮಾಡೇ."

"ಮಾಡಿದೀನಿ."

ಮಾಡಿರಲಿಲ್ಲ. ಆದರೆ ಪುಸ್ತಿಕೆ ಓದಿದ್ದೇನೆ, ಹನ್ನೊಂದು ಸಲ. ಕೃಷಿ ಮೇಳದಲ್ಲಿ ಯಾರೋ ಹಂಚುತ್ತಿದ್ದ ಇಪ್ಪತ್ತು ಪುಟದ ಹಸಿರು ಪುಸ್ತಿಕೆ. ಯಾವುದೋ ಒಣ ದೇಶದಲ್ಲಿ ಕನೋಲಾ ಬೆಳೆಯುವ ರೈತರ ವಿಧಾನವನ್ನು ಯಾರೋ ಕನ್ನಡಕ್ಕೆ ತಂದಿದ್ದಾರೆ. ಕನೋಲಾ ಅಂದರೆ ನಮ್ಮ ಸಾಸಿವೆಯ ಹತ್ತಿರದ ನೆಂಟ. ವಿಷಯ ಸರಳ: ಗಿಡ ಮೊದಲ ಒಂದೂವರೆ ತಿಂಗಳು ಎಲೆಯನ್ನೇ ಬೆಳೆಸಿಕೊಂಡು ಮೆರೆಯುತ್ತದೆ. ಆ ಎಲೆಗಳೇ ನೆಲದ ನೀರನ್ನೆಲ್ಲ ಹೀರಿ ಗಾಳಿಗೆ ಬಿಡುತ್ತವೆ. ಕಾಯಿ ತುಂಬುವ ಹೊತ್ತಿಗೆ ನೆಲ ಬರಿದು. ಆದ್ದರಿಂದ ಮೊದಲೇ ಎಲೆ ತಗ್ಗಿಸಬೇಕು. ಅಲ್ಲಿಯವರು ಬೆಳೆಗೆ ಕುರಿ ಬಿಡುತ್ತಾರೆ! ನಲವತ್ತೈದನೇ ದಿನ, ಕುರಿ ಮೇಯಿಸಿ ಹೊಡೆದುಕೊಂಡು ಹೋಗುತ್ತಾರೆ. ಗಿಡ ಮತ್ತೆ ಚಿಗುರುತ್ತದೆ, ಉಳಿದ ನೀರಿನಲ್ಲಿ ಕಾಯಿ ತುಂಬುತ್ತದೆ.

ನಮ್ಮೂರಿನಲ್ಲಿ ಇದನ್ನು ಯಾರಿಗೆ ಹೇಳಲಿ. ಬೆಳೆ ದಟ್ಟವಾಗಿದ್ದರೆ ಕಣ್ಣು ತುಂಬಿತು ಎನ್ನುವ ಜನ. ಕಣ್ಣು ತುಂಬಿ ಏನಾಗಬೇಕು, ಮೂಟೆ ತುಂಬಬೇಕು.

ನವೆಂಬರ್ ೨. ೧೩ನೇ ದಿನ

ಚೆನ್ನಾಗಿ ಹುಟ್ಟಿದೆ. ಇವತ್ತು ನಾಲ್ಕು ಸಲ ಹೊಲಕ್ಕೆ ಹೋದೆ. ಹೋಗಿ ಮಾಡುವುದೇನೂ ಇಲ್ಲ, ಆದರೂ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಅಮ್ಮ "ಮೊಟ್ಟೆ ಮೇಲೆ ಕೂತ ಕೋಳಿನೂ ಇಷ್ಟು ಎದ್ದು ಎದ್ದು ನೋಡಲ್ಲ ಕಣೇ" ಅಂದರು.

ಅಪ್ಪ ಒಂದು ಷರತ್ತು ಸೇರಿಸಿದ್ದಾರೆ. ಕುರಿ ಬಿಡುವುದಾದರೆ ಅರ್ಧ ಹೊಲಕ್ಕೆ ಮಾತ್ರ, ಪಶ್ಚಿಮದ ಎಕರೆಗೆ. ಪೂರ್ವದ ಎಕರೆ ಮುಟ್ಟಬಾರದು. ನಾನು ಜಗಳವಾಡಿದೆ. ಅರ್ಧ ನಂಬಿಕೆ ಅಂದರೆ ಏನರ್ಥ? ಆಮೇಲೆ ಹೊಳೆಯಿತು, ಒಳ್ಳೆಯದೇ ಆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಊರಿಗೆ ತೋರಿಸಬಹುದು.

ನವೆಂಬರ್ ೧೫. ೨೬ನೇ ದಿನ



ಬೆಳಿಗ್ಗೆ ಹೊಲಕ್ಕೆ ಹೋದರೆ ಗಂಗಲಕ್ಷ್ಮಮ್ಮ ಬದುವಿನ ಪಕ್ಕ ಬಗ್ಗಿ ಸಾಸಿವೆ ಸೊಪ್ಪು ಕೀಳುತ್ತಿದ್ದಾರೆ! ಎಲೆಯಷ್ಟೇ ಅಲ್ಲ, ಗಿಡ ಗಿಡವನ್ನೇ ಬೇರುಸಹಿತ. ಸೆರಗಿನ ಮಡಿಲು ತುಂಬಿತ್ತು. ನೋಡಿದರೆ ಇವತ್ತಿನದು ಒಂದೇ ಅಲ್ಲ. ಬದುವಿನ ಉದ್ದಕ್ಕೂ ಹತ್ತು ಗುಂಟೆಯಷ್ಟು ಜಾಗ ಆಗಲೇ ತೆಳ್ಳಗಾಗಿದೆ. ಒಂದು ವಾರದಿಂದ ನಡೆದಿದೆ, ಇವರೊಬ್ಬರೇ ಅಲ್ಲ, ಆ ಕಡೆ ಮನೆಗಳವರೆಲ್ಲ. ನಾಲ್ಕು ಸಲ ಹೋದರೂ ನಾನು ಪಶ್ಚಿಮದ ಕಡೆಯೇ ನಿಂತು ನೋಡುತ್ತಿದ್ದೆ.

"ಏನ್ ಮಾಡ್ತಿದೀರಾ?"

"ಬಾರವ್ವ ಭೂಮಿ. ಸಾರಿಗೆ ಎರಡು ಸೊಪ್ಪು. ಎಳೇದಿತ್ತು."

"ಯಾರನ್ನ ಕೇಳಿ ಕಿತ್ತಿರಿ?"

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. "ಸೊಪ್ಪಿಗೆ ಯಾರನ್ನ ಕೇಳೋದವ್ವ? ನಿಮ್ಮಜ್ಜಿ ಕಾಲದಿಂದ ಕೀಳ್ತಿದೀನಿ."

"ಅಜ್ಜಿ ಕಾಲದಿಂದ ಮಾಡಿದ್ರೆ ಕಳ್ಳತನ ಅಲ್ಲ ಅಂತಾನಾ?"

ಆ ಪದ ಬಾಯಿಂದ ಬಂದಿತು. ಅವರು ಮಡಿಲನ್ನು ಬದುವಿನ ಮೇಲೆ ಬಿಚ್ಚಿ ಸುರಿದು, ಸೆರಗು ಕೊಡವಿಕೊಂಡು ಹೋದರು. ಒಂದು ಎಲೆ ಸೆರಗಿಗೆ ಅಂಟಿತ್ತು. ಅದನ್ನೂ ತಿರುಗಿ ಬಂದು ಇಟ್ಟು ಹೋದರು.

ನಾನು ಯಾರಿಗೋಸ್ಕರ ಇದನ್ನೆಲ್ಲ ಮಾಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿದೆಯೇ? ಬಡವರ ಪರವಾಗಿ ನಿಂತವರ ಕಷ್ಟ ಬಡವರಿಗೇ ಅರ್ಥವಾಗುವುದಿಲ್ಲ. ಇದನ್ನೂ ಒಂದು ಪುಸ್ತಿಕೆಯಲ್ಲಿ ಓದಿದ್ದೆ.

ನವೆಂಬರ್ ೧೬. ೨೭ನೇ ದಿನ

ಅಪ್ಪನ ಕಿವಿಗೂ ಬಿದ್ದಿದೆ. "ಸೊಪ್ಪಿಗೆ ಲೆಕ್ಕ ಕೇಳಿದ್ಯಂತೆ. ನಮ್ಮ ಮನೇಲಿ ಇಲ್ಲಿವರೆಗೂ ಯಾರೂ ಕೇಳಿರ್ಲಿಲ್ಲ," ಎಂದಷ್ಟೇ ಹೇಳಿ ಹಣೆಗೆ ವಿಭೂತಿ ಹಚ್ಚಿಕೊಳ್ಳತೊಡಗಿದರು. ಗಂಗಲಕ್ಷ್ಮಮ್ಮನ ಬೋರ್ ಬತ್ತಿಸಲು ಹೊರಟವರು ಸೊಪ್ಪಿನ ಧರ್ಮ ಹೇಳುತ್ತಾರೆ.

ಆ ಹತ್ತು ಗುಂಟೆಯನ್ನು ನನ್ನ ಪ್ರಯೋಗದಿಂದ ಹೊರಗಿಟ್ಟಿದ್ದೇನೆ. ಹಾಳಾದ ಜಾಗ.

ನವೆಂಬರ್ ೨೮. ೩೯ನೇ ದಿನ

ಕೋರದ ಕಡೆಯ ಅಡವಿಯಪ್ಪ ಕುರಿಮಂದೆ ಹೊಡೆದುಕೊಂಡು ಹೆಬ್ಬೂರಿನ ಆಚೆ ಬೀಡುಬಿಟ್ಟಿದ್ದಾನೆ. ಪ್ರತಿ ವರ್ಷ ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಅವನ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹೋಗಿ ಮಾತಾಡಿದೆ. ನಿಂತ ಬೆಳೆ ಮೇಯಿಸಬೇಕು ಎಂದಾಗ ಅವನು ಬೀಡಿ ಆರಿಸಿದ.

"ಮೂವತ್ತು ವರ್ಷದಲ್ಲಿ ಬೆಳೆಗೆ ಕುರಿ ನುಗ್ಗಿತು ಅಂತ ಎಷ್ಟೋ ಸಲ ಹೊಡೆಸ್ಕೊಂಡಿದೀನಿ ಕಣವ್ವ. ಕರ್ದು ಮೇಯ್ಸು ಅಂದೋರು ನೀನೇ ಮೊದ್ಲು. ನಿಮ್ಮಪ್ಪಂಗೆ ಗೊತ್ತಾ?"

"ಗೊತ್ತು."

"ಊರವ್ರು ಬಡಿದ್ರೆ?"

"ನಾನಿರ್ತೀನಿ."

"ನೀನಿದ್ರೆ ನನ್ ಬೆನ್ನು ಉಳಿಯುತ್ತಾ?" ಎಂದು ನಕ್ಕ. ಆದರೂ ಬಂದು ನೋಡಿದ. ಒಂದು ಗಿಡದ ನೆತ್ತಿಯನ್ನು ಬೆರಳಿಂದ ಬಿಡಿಸಿ ತೋರಿಸಿದ. ಎಲೆಗಳ ನಡುವೆ ರಾಗಿಕಾಳಿನಷ್ಟು ಹಸಿರು ಮೊಗ್ಗುಗಳ ಗೊಂಚಲು. "ಸುಳಿ ಎದ್ದದೆ. ಮೇಯ್ಸೋದಾದ್ರೆ ವಾರದ ಹಿಂದೆನೇ ಮೇಯಿಸ್ಬೇಕಿತ್ತು. ಈಗ ಕುರಿ ಎಲೆ ತಿನ್ನಲ್ಲ ಕಣವ್ವ, ತಲೆ ತಿಂತದೆ."

ಪುಸ್ತಿಕೆಯಲ್ಲಿ ಸ್ಪಷ್ಟವಾಗಿದೆ, ನಲವತ್ತೈದು ದಿನ. ಇನ್ನೂ ಆರು ದಿನವಿದೆ. ಕುರಿ ಕಾಯುವವನಿಗೆ ಕುರಿ ಗೊತ್ತು, ಬೆಳೆಯ ಶಾಸ್ತ್ರ ಗೊತ್ತಿರಬೇಕಿಲ್ಲ. ಎರಡು ದಿನ ಹಿಂದೆಮುಂದೆ ನೋಡಿದ್ದಕ್ಕೇ ಎಷ್ಟು ಒಳ್ಳೆಯ ಕೆಲಸಗಳು ನಮ್ಮ ಊರುಗಳಲ್ಲಿ ನಿಂತುಹೋಗಿವೆ.

ಡಿಸೆಂಬರ್ ೪. ೪೫ನೇ ದಿನ

ಬಿಟ್ಟೆ. ಎಂಬತ್ತು ಕುರಿ, ಪಶ್ಚಿಮದ ಎಕರೆಗೆ, ಬೆಳಿಗ್ಗೆ ಎಂಟರಿಂದ.

ಅರ್ಧ ಊರು ಬದುವಿನ ಮೇಲೆ ನಿಂತಿತ್ತು. ಊರಿನ ಸಹಕಾರ ಸಂಘದ ಮಹಾದೇವಯ್ಯನವರು ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲೇ ಇಟ್ಟುಕೊಂಡು ಅಪ್ಪನಿಗೆ "ಪ್ರಭುದೇವಣ್ಣ, ಮಗಳಿಗೆ ಮದ್ವೆ ಮಾಡೋ ಮಾರಾಯ, ಹೊಲ ಉಳಿಯುತ್ತೆ" ಅಂದರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನಾನು ಪುಸ್ತಿಕೆ ತೆಗೆದು ಏಳನೇ ಪುಟ ಗಟ್ಟಿಯಾಗಿ ಓದಿದೆ. ಒಂದು ಟಗರು ಕೆಮ್ಮಿದ ಸದ್ದಿಗೆ ಮತ್ತೆ ನಕ್ಕರು.

ಮಧ್ಯಾಹ್ನಕ್ಕೆ ಅಡವಿಯಪ್ಪ "ಸಾಕವ್ವ, ಹೊಡ್ಕೊಂಡ್ ಹೋಗ್ತೀನಿ" ಎಂದ. ನಾನು ಸಂಜೆವರೆಗೆ ಇರಲಿ ಎಂದೆ. ಮಾಡುವುದಾದರೆ ಪೂರ್ತಿ ಮಾಡಬೇಕು.

ಡಿಸೆಂಬರ್ ೫

ಪಶ್ಚಿಮದ ಎಕರೆಯಲ್ಲಿ ಗೇಣುದ್ದದ ಕಡ್ಡಿಗಳು ನಿಂತಿವೆ. ನೋಡಲು ಹೆದರಿಕೆಯಾಗುತ್ತದೆ. ಪುಸ್ತಿಕೆಯ ಚಿತ್ರದಲ್ಲಿ ಹೀಗಿರಲಿಲ್ಲ, ನೆಲಕ್ಕೆ ಅಂಟಿಕೊಂಡ ಎಲೆಗಳಿದ್ದವು, ನಡುವಿನ ಸುಳಿ ಹಾಗೇ ಇತ್ತು.

ಚಿಗುರುತ್ತದೆ. ಚಿಗುರಲೇಬೇಕು.

ಡಿಸೆಂಬರ್ ೧೯

ಹದಿನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ ಎಂದಲ್ಲ.

ಪೂರ್ವದ ಎಕರೆ ಹಳದಿಯಾಗಿದೆ. ಎದೆಯೆತ್ತರ, ಎಲ್ಲಿ ನೋಡಿದರೂ ಹೂವು, ಜೇನು. ಹೆಬ್ಬೂರಿನಿಂದ ಬಂದ ಹುಡುಗಿಯರು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಪಶ್ಚಿಮದಲ್ಲಿ ಕಡ್ಡಿಗಳ ಬುಡದಿಂದ ಪಕ್ಕದ ಚಿಗುರು ಬಂದಿದೆ, ಮೊಣಕಾಲಿನಷ್ಟಿದೆ, ಅಲ್ಲೊಂದು ಇಲ್ಲೊಂದು ಹೂವು. ಎರಡರ ನಡುವಿನ ಗೆರೆ ರಸ್ತೆಯಿಂದಲೇ ಕಾಣುತ್ತದೆ. ಅಕ್ಕಪಕ್ಕ ಇಟ್ಟು ಊರಿಗೆ ತೋರಿಸಬೇಕು ಎಂದಿದ್ದೆ. ಊರು ನೋಡುತ್ತಿದೆ.

ಪುಸ್ತಿಕೆಯ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬಿತ್ತನೆಯಿಂದ ಹೂವಿನವರೆಗಿನ ದಿನಗಳ ಪಟ್ಟಿಯಿದೆ. ಆ ದೇಶದಲ್ಲಿ ಹೂವು ಬರುವುದು ತೊಂಬತ್ತು ದಿನಕ್ಕೆ. ಅಲ್ಲಿ ಚಳಿ. ನಲವತ್ತೈದನೇ ದಿನ ಅಲ್ಲಿನ ಗಿಡ ಇನ್ನೂ ಮಗು. ನಮ್ಮಲ್ಲಿ ಆಗಲೇ ಮೊಗ್ಗು.

ಹನ್ನೊಂದು ಸಲ ಓದಿದೆ. ಗಿಡದ ನೆತ್ತಿಯನ್ನು ಒಂದು ಸಲ ಬಿಡಿಸಿ ನೋಡಲಿಲ್ಲ. ಬಿಡಿಸಿ ತೋರಿಸಿದರೂ ನೋಡಲಿಲ್ಲ.

ಡಿಸೆಂಬರ್ ೨೬

ಅಪ್ಪ ಗುಬ್ಬಿಗೆ ಹೋಗಿ ಲಾರಿಯವನ ಹತ್ತಿರ ಮಾತಾಡಿ ಬಂದರಂತೆ. ನನಗೆ ಹೇಳಲಿಲ್ಲ, ಅಮ್ಮನಿಗೆ ಹೇಳಿದ್ದು ಕೇಳಿಸಿತು.

ಬಿಸಿಲು ಜೋರಾಗಿದೆ. ಗಾಳಿಯಲ್ಲಿ ತೇವವೇ ಇಲ್ಲ.

ಜನವರಿ ೮

ಪೂರ್ವದ ಎಕರೆ ಮಧ್ಯಾಹ್ನದ ಹೊತ್ತಿಗೆ ತಲೆ ಬಾಗಿಸುತ್ತಿದೆ. ಮೊದಲು ನನ್ನ ಕಣ್ಣಿನ ದೋಷ ಅಂದುಕೊಂಡೆ. ಸಂಜೆಗೆ ಸ್ವಲ್ಪ ಎದ್ದು ನಿಂತಿತು, ಆದರೆ ಕಾಯಿ ಒತ್ತಿ ನೋಡಿದರೆ ಒಳಗೆ ಕಾಳು ಚುಕ್ಕೆಯಂತಿದೆ. ಕಾಯಿ ತುಂಬುವ ಸಮಯಕ್ಕೆ ನೆಲ ಬರಿದಾಗುತ್ತದೆ ಎಂದು ಪುಸ್ತಿಕೆ ಹೇಳಿದ್ದು ಇದನ್ನೇ. ಅದು ಸುಳ್ಳು ಹೇಳಿರಲಿಲ್ಲ. ಇಷ್ಟೇ ಸಮಾಧಾನ, ಅದರಿಂದ ಏನೂ ಉಪಯೋಗವಿಲ್ಲ.

ಹಾರೆ ತೆಗೆದುಕೊಂಡು ಹೋಗಿ ಗುಂಡಿ ತೋಡಿದೆ. ಪೂರ್ವದಲ್ಲಿ ಮೊಣಕೈ ಆಳಕ್ಕೂ ಮಣ್ಣು ಬೂದಿ. ಪಶ್ಚಿಮದಲ್ಲಿ ಗೇಣಿನ ಕೆಳಗೇ ತಂಪು, ಉಂಡೆ ಕಟ್ಟುತ್ತದೆ. ಅಂದರೆ ನಾನು ನೀರನ್ನು ಉಳಿಸಿದ್ದೇನೆ. ಕುಡಿಯುವ ತಲೆಗಳನ್ನು ಮಾತ್ರ ಕುರಿಗೆ ತಿನ್ನಿಸಿದ್ದೇನೆ.

ಒಂದು ಕಡೆ ತಲೆಯಿದೆ, ನೀರಿಲ್ಲ. ಒಂದು ಕಡೆ ನೀರಿದೆ, ತಲೆಯಿಲ್ಲ. ಗುಂಡಿಯ ಪಕ್ಕ ಎಷ್ಟು ಹೊತ್ತು ಕೂತಿದ್ದೆನೋ. ಅಮ್ಮ ಫೋನ್ ಮಾಡಿ ಮುದ್ದೆ ಆರಿತು ಎಂದರು.

ಜನವರಿ ೯

ಇವತ್ತು ಬದುವಿನ ಕಡೆ ಹೋದೆ. ನವೆಂಬರಿನಿಂದ ಆ ಹತ್ತು ಗುಂಟೆಯನ್ನು ಹತ್ತಿರ ಹೋಗಿ ನೋಡಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆ. ಉಳಿದ ಪೂರ್ವದ ಹೊಲವೆಲ್ಲ ತಲೆ ಬಾಗಿಸಿದೆ, ಈ ಜಾಗ ನೆಟ್ಟಗೆ ನಿಂತಿದೆ. ಗಿಡಗಳು ದೂರ ದೂರ, ಬುಡದಲ್ಲಿ ಎಲೆ ಕಡಿಮೆ, ಒಂದೊಂದಕ್ಕೂ ಏಳೆಂಟು ಕೊಂಬೆ, ಕಾಯಿ ಹೆಬ್ಬೆರಳಿನ ಕೆಳಗೆ ಗಟ್ಟಿಯಾಗಿ ಸಿಗುತ್ತದೆ. ಗುಂಡಿ ತೋಡಿದೆ. ಮೊಣಕೈ ಆಳದಲ್ಲಿ ತಂಪಿದೆ.

ಮತ್ತೊಂದು ತೋಡಿದೆ. ಅಲ್ಲೂ ಇದೆ. ಮೂರನೆಯದು. ಇದೆ.

ಸೊಪ್ಪು ಕಿತ್ತದ್ದು ಸುಳಿ ಏಳುವ ಮೊದಲು. ಒತ್ತೊತ್ತಾಗಿ ಹುಟ್ಟಿದ್ದನ್ನು ಬೇರುಸಹಿತ ತೆಗೆದಿದ್ದಾರೆ, ಉಳಿದದ್ದರ ಬುಡದ ಎಲೆ ಚಿವುಟಿದ್ದಾರೆ, ನೆತ್ತಿ ಮುಟ್ಟಿಲ್ಲ. ಪುಸ್ತಿಕೆ ಕುರಿಯಿಂದ ಮಾಡಿಸಲು ನೋಡಿದ ಕೆಲಸ ಅದೇ. ಇಲ್ಲಿ ಸಾರಿಗೋಸ್ಕರ ಆಗಿಹೋಗಿದೆ, ಅದೂ ಸರಿಯಾದ ವಾರದಲ್ಲಿ.

ನಾನು ಬೈದು ಓಡಿಸಿದ ಜಾಗಕ್ಕೆ ಗೆರೆ ಎಳೆದಂತೆ ಚೆನ್ನಾಗಿರುವ ಬೆಳೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಾಡಿದೆ. ನಾನು ಇನ್ನೊಂದು ವಾರ ತಡವಾಗಿ ನೋಡಿದ್ದರೆ ಇನ್ನೂ ಹತ್ತು ಗುಂಟೆ ಉಳಿಯುತ್ತಿತ್ತು.

ಜನವರಿ ೧೪

ನಾನು ತೋಡಿದ ಗುಂಡಿಗಳ ಪಕ್ಕ ಅಪ್ಪ ಕುಕ್ಕರಗಾಲಿನಲ್ಲಿ ಕೂತಿರುವುದು ದೂರದಿಂದ ಕಾಣಿಸಿತು. ಒಂದರೊಳಗೆ ಕೈ ಇಳಿಸಿದರು, ಎದ್ದು ಹೋಗಿ ಇನ್ನೊಂದರೊಳಗೆ ಇಳಿಸಿದರು. ಮಣ್ಣನ್ನು ಮೂಗಿನ ಹತ್ತಿರ ಹಿಡಿದರು. ನಾನು ಹುಣಸೆಮರದ ಹತ್ತಿರವೇ ನಿಂತೆ. ಹೋಗಿ ವಿವರಿಸಬಹುದಿತ್ತು. ಯಾಕೋ ಹೋಗಲಿಲ್ಲ.

ಈ ಹೊಲದಲ್ಲಿ ಹಿಂದೆ ಅಪ್ಪ ಕೊರೆಸಿದ್ದ ಎರಡು ಬೋರ್‌ಗಳಲ್ಲಿ ಬರೀ ಧೂಳು ಎದ್ದಿತ್ತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಎರಡನೆಯದರ ದಿನ ಅವರು ಲಾರಿಯವರಿಗೆಲ್ಲ ಊಟ ಬಡಿಸಿ, ತಾವು ಮಾತ್ರ ಊಟ ಮಾಡಿರಲಿಲ್ಲ. ಯಾಕೆ ನೆನಪಾಯಿತೋ ಗೊತ್ತಿಲ್ಲ.

ಫೆಬ್ರವರಿ ೩

ಪೂರ್ವದ ಕಟಾವು ಮುಗಿಯಿತು. ಸಾಸಿವೆಯನ್ನು ಬಿಸಿಲೇರಿದ ಮೇಲೆ ಕೊಯ್ದರೆ ಕಾಯಿ ಸಿಡಿದು ಕಾಳೆಲ್ಲ ನೆಲಕ್ಕೆ. ಆದ್ದರಿಂದ ಇಬ್ಬನಿ ಇರುವಾಗಲೇ ನಾನು, ಅಮ್ಮ, ಅಪ್ಪ ಮೂವರೂ ಕುಡುಗೋಲು ಹಿಡಿದೆವು. ಹತ್ತು ಗುಂಟೆಯದನ್ನು ಬೇರೆ ಟಾರ್ಪಾಲಿನ ಮೇಲೆ ಒಟ್ಟಿದ್ದೇನೆ.

ಬದುವಿನ ಆಚೆ ಗಂಗಲಕ್ಷ್ಮಮ್ಮ ಹಸು ಬಿಡುತ್ತಿದ್ದರು. ನಮ್ಮ ಕಡೆ ತಿರುಗಿ ನೋಡಲಿಲ್ಲ. ನವೆಂಬರಿನಿಂದ ಆ ಕಡೆಯ ಯಾವ ಮನೆಯವರೂ ನಮ್ಮ ಬದು ಹತ್ತಿಲ್ಲ, ಅಮ್ಮ ಹೇಳಿದ ಮೇಲೆ ಗೊತ್ತಾಯಿತು.

ಫೆಬ್ರವರಿ ೧೧

ಎಲ್ಲ ಬಡಿದು, ತೂರಿ, ಮೂಟೆ ಕಟ್ಟಿದ್ದಾಯಿತು. ಪಶ್ಚಿಮದ ಎಕರೆ, ಮೂರು ಮೂಟೆ. ಪೂರ್ವದಲ್ಲಿ ಹತ್ತು ಗುಂಟೆ ಬಿಟ್ಟು ಉಳಿದದ್ದು, ಮೂರೂವರೆ, ಕಾಳು ಸಣ್ಣ. ಹತ್ತು ಗುಂಟೆಯದು ಎರಡು.

ಎಂಟೂವರೆ.

ಮೂರು ಸಲ ಎಣಿಸಿದೆ. ಅಪ್ಪ ಹೆಬ್ಬೂರಿನಲ್ಲಿದ್ದಾರೆ, ನಾಡಿದ್ದು ಬರುತ್ತಾರೆ.

ಬಟವಾಡಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಚಿಕ್ಕಪ್ಪನ ಮಗ ಕಿರಣ್‌ಕುಮಾರನಿಗೆ ಫೋನ್ ಮಾಡಿದೆ, ಸುಮ್ಮನೆ, ಯಾರಿಗಾದರೂ ಹೇಳಬೇಕಿತ್ತು.

"ಒಂದೂವರೆ ಮೂಟೆ ತಾನೇ? ಅಷ್ಟಕ್ಕೆ ಅಳ್ತೀಯಾ?" ಎಂದ.

"ಅಳ್ತಿಲ್ಲ ಕಣೋ."

"ನಾಳೆ ಬಾ. ಎರಡು ಮೂಟೆ ಕೊಡ್ತೀನಿ. ಬಸ್ಸಿನ ಮೇಲೆ ಹಾಕ್ಕೊಂಡು ಹೋಗು. ಸಾಸಿವೆ ಮೇಲೆ ಹೊಲದ ಹೆಸ್ರು ಬರ್ದಿರುತ್ತಾ?"

"ಅದು ಸುಳ್ಳಲ್ವಾ?"

"ಬೋರ್ ಬೇಡ ಅಂದೋಳು ನೀನು. ಆ ಯಮ್ಮನ ನೀರು ಉಳಿಬೇಕು ಅಂದೋಳು ನೀನು. ಸುಳ್ಳು ದೊಡ್ದಾ, ನೀರು ದೊಡ್ದಾ? ನಿನ್ ಪುಸ್ತಕದಲ್ಲಿ ಬರ್ದಿಲ್ವಾ ಇದು?"

ಬರೆದಿದೆ. ಒಳ್ಳೆಯ ಉದ್ದೇಶಕ್ಕೆ ದಾರಿ ಯಾವುದಾದರೂ ಇರಲಿ ಎಂದು ಒಂದಲ್ಲ, ಮೂರು ಪುಸ್ತಿಕೆಯಲ್ಲಿ ಓದಿ ಕೆಳಗೆ ಗೆರೆ ಎಳೆದಿದ್ದೇನೆ.

ಫೆಬ್ರವರಿ ೧೨

ಬಸ್ಸು ಹತ್ತಿದೆ. ಬಟವಾಡಿಯಲ್ಲಿ ಇಳಿದೆ. ಅಂಗಡಿಯ ಮುಂದೆ ಅವನು ಎರಡು ಮೂಟೆ ಹೊಲಿದು ಇಟ್ಟಿದ್ದ. ಹೊರಗೆ ಆಟೋ ಕೂಡ ನಿಂತಿತ್ತು. ಒಂದು ಮೂಟೆಯ ಬಾಯಿ ಬಿಚ್ಚಿಸಿ ಕಾಳು ಅಂಗೈಗೆ ಸುರಿದುಕೊಂಡೆ. ದಪ್ಪ, ಒಂದೇ ಅಳತೆ, ಹೊಳಪು. ನೀರುಂಡ ಕಾಳು. ಎಲ್ಲೋ ಯಾರದೋ ಬೋರ್ ಇದರೊಳಗಿದೆ.

"ಏನಾಯ್ತು?"

"ಇದು ನಮ್ಮ ಹೊಲದ್ದಲ್ಲ ಅಂತ ಅಪ್ಪ ಮೂಟೆ ಬಿಚ್ಚಿದ ತಕ್ಷಣ ಹೇಳ್ತಾರೆ."

"ಕಂಡ್ಹಿಡಿಯಲ್ಲ ಬುಡೇ."

ಕಂಡುಹಿಡಿಯದಿದ್ದರೆ ಇನ್ನೂ ಕೆಟ್ಟದ್ದು. ಮುಂದಿನ ವರ್ಷವೂ ಇದೇ ಕುರಿ, ಇದೇ ಪುಸ್ತಿಕೆ, ಇದೇ ಬಸ್ಸು. ಆ ಹತ್ತು ಗುಂಟೆ ಏನು ಹೇಳಿತೋ ಅದು ಎರಡು ಮೂಟೆಯ ಕೆಳಗೆ ಹೂತುಹೋಗುತ್ತದೆ.

ಖಾಲಿ ಕೈಯಲ್ಲಿ ವಾಪಸ್ಸು ಬಂದೆ. ಬಸ್ಸಿನಲ್ಲಿ ಸೀಟಿತ್ತು, ಆದರೂ ಬಾಗಿಲ ಹತ್ತಿರವೇ ನಿಂತಿದ್ದೆ.

ಫೆಬ್ರವರಿ ೧೩

ಅಪ್ಪ ಬಂದು ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ಪಡಸಾಲೆಗೆ ಬಂದರು. ಮೂಟೆಗಳು ಗೋಡೆಗೆ ಒರಗಿದ್ದವು.

"ಎಂಟೂವರೆ," ಅಂದೆ. "ಸೋತೆ. ಲಾರಿಯವರಿಗೆ ಹೇಳಿ. ಅಡ್ಡ ಬರಲ್ಲ."

ಅಪ್ಪ ಒಂದೊಂದೇ ಮೂಟೆಯನ್ನು ಎತ್ತಿ ನೋಡಿ ಇಟ್ಟರು. ಆಮೇಲೆ ಬಾಗಿಲ ಪಕ್ಕದಲ್ಲಿದ್ದ ಎರಡನ್ನು ಕಾಲಿನಿಂದ ಮೆಲ್ಲಗೆ ತಟ್ಟಿದರು.

"ಇವನ್ನ ಯಾಕೆ ಬೇರೆ ಇಟ್ಟಿದೀಯ?"

"ಅವು ನನ್ನ ಕೆಲಸ ಅಲ್ಲ. ಗಂಗಲಕ್ಷ್ಮಮ್ಮ ಸೊಪ್ಪು ಕಿತ್ತ ಜಾಗದ್ದು."

"ಎಷ್ಟು ಜಾಗ?"

"ಹತ್ತು ಗುಂಟೆ."

ಅಪ್ಪ ಒಂದು ಹಿಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಬಾಯಿಯೊಳಗೇ ಏನೋ ಗುಣಿಸಿದರು. "ಎಂಟು ಹತ್ತಲೆ ಎಂಬತ್ತು ಗುಂಟೆ. ಎಂಟೆರಡ್ಲಿ ಹದಿನಾರು." ನನ್ನನ್ನು ನೋಡಿದರು. "ನೀನು ಲೆಕ್ಕ ಹಾಕ್ಲಿಲ್ವಾ?"

ಹಾಕಿರಲಿಲ್ಲ. ಎಂಟೂವರೆಯಾದ ಮೇಲೆ ಇನ್ನೇನು ಲೆಕ್ಕ.

"ಹದಿನಾರು ಬರುತ್ತೆ ಅಂತ ನಾನು ಹೇಳಲ್ಲ," ಅಂದೆ. "ಗೊತ್ತಿಲ್ಲ. ಆ ಕಡೆ ಮಣ್ಣು ಸ್ವಲ್ಪ ಚೆನ್ನಾಗೂ ಇರ್ಬೋದು."

ಅಪ್ಪ ಕೈಯಲ್ಲಿದ್ದ ಕಾಳನ್ನು ಮೂಟೆಗೇ ಸುರಿದರು. "ಗೊತ್ತಿಲ್ಲ ಅಂತ ನಿನ್ನ ಬಾಯಲ್ಲಿ ಇದೇ ಮೊದ್ಲು ಕೇಳಿದ್ದು," ಎಂದು ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದರು. ಲಾರಿಯವನ ಜೊತೆ ಮಾತಾಡುತ್ತಿದ್ದದ್ದು ಕೇಳಿಸಿತು: "ಈ ವರ್ಷ ಬೇಡ ಕಣಯ್ಯ. ಮುಂದಿನ ವರ್ಷ ನೋಡೋಣ."

ಒಳಗೆ ಬಂದು ನನಗೆ ಹೇಳಿದ್ದು ಬೇರೆ. "ಒಂದು ವರ್ಷ. ಎರಡೂ ಎಕರೆ ಆ ಹತ್ತು ಗುಂಟೆ ಥರ ಆಗ್ಬೇಕು. ಕೀಳೋಕೆ ಅವಳು ಬರ್ತಾಳಾ? ನಿನ್ನ ಬಾಯಿ ಕೇಳಿದ್ಮೇಲೆ?"

ಫೆಬ್ರವರಿ ೧೪

ಬೆಳಿಗ್ಗೆಯಿಂದ ಬದುವಿನವರೆಗೆ ಮೂರು ಸಲ ಹೋಗಿ ತಿರುಗಿ ಬಂದೆ. ನಾಲ್ಕನೇ ಸಲ ದಾಟಿದೆ.

ಗಂಗಲಕ್ಷ್ಮಮ್ಮ ಹಸು ತೊಳೆಯುತ್ತಿದ್ದರು. ಕಿರುಬೆರಳಷ್ಟು ನೀರು ಪೈಪಿನಿಂದ ಬಕೆಟ್ಟಿಗೆ ಬೀಳುತ್ತಿತ್ತು. ನಾನು ಹೇಳಬೇಕೆಂದು ಜೋಡಿಸಿಕೊಂಡಿದ್ದದ್ದು ಒಂದೂ ನೆನಪಾಗಲಿಲ್ಲ.

"ಕಳ್ಳತನ ಅಂದೆ. ತಪ್ಪಾಯ್ತಮ್ಮ."

"ಹೂಂ, ಅಂದೆ," ಎಂದು ಹಸುವಿನ ಬೆನ್ನಿಗೆ ಒಂದು ಚೊಂಬು ನೀರು ಹಾಕಿದರು. "ನಮ್ಮತ್ತೆ ಕೂಡ ನನ್ನ ಹಂಗಂದಿರ್ಲಿಲ್ಲ. ಅವ್ಳು ಏನೇನೋ ಅಂದವ್ಳೆ."

ನಾನು ನಿಂತೇ ಇದ್ದೆ. ಬೋರ್ ವಿಷಯ ಹೇಳಿದೆ. ಈ ವರ್ಷ ಲಾರಿ ಬರುವುದಿಲ್ಲ ಎಂದೆ. ನಾನು ಅಪ್ಪನಿಗೆ ಕೊಟ್ಟ ಮಾತು, ಹತ್ತು ಮೂಟೆ, ಕುರಿ, ಎಲ್ಲ.

"ನನ್ನ ಬೋರಿಗೋಸ್ಕರನಾ?" ಅವರು ಚೊಂಬು ಕೆಳಗಿಟ್ಟರು. "ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಮಗ? ಕುರಿ ಬಿಡೋಕೆ ಹಿಂದಿನ ದಿನ ಬಂದು ಕೇಳಿದ್ರೆ ಹೇಳ್ತಿದ್ದೆ."

"ನೀವು ಮಾತಾಡ್ತಿರ್ಲಿಲ್ಲ."

"ನೀನು ಕೇಳಿದ್ರೆ ಬೈದಾದ್ರೂ ಹೇಳ್ತಿದ್ದೆ." ಮತ್ತೆ ಚೊಂಬು ತೆಗೆದುಕೊಂಡರು. "ಒಂದೇ ವರ್ಷನಾ?"

"ಒಂದೇ ವರ್ಷ."

"ಒಂದು ವರ್ಷದಲ್ಲಿ ಕರ ಕಡಸಾಗುತ್ತೆ. ಆಗ್ಲಿ."

ನವೆಂಬರಿನಲ್ಲಿ ಬಂದು ಎರಡೂ ಎಕರೆಯ ಸೊಪ್ಪು ಕೀಳಬೇಕು, ಕೂಲಿ ಕೊಡುತ್ತೇವೆ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಸೊಪ್ಪು ಕೀಳೋಕೆ ಕೂಲಿನಾ? ಕೂಲಿ ಅಂದ್ರೆ ಬೇಗ ಮುಗಿಸ್ಬೇಕು ಅಂತ ಕೈಗೆ ಸಿಕ್ಕಿದ್ದೆಲ್ಲ ಕಿತ್ತಾಕ್ತಾರೆ ಕಣವ್ವ. ಮನೆ ಸಾರಿಗೆ ಅಂದ್ರೆ ಕೈ ಹಂಗೆ ಮಾಡಲ್ಲ, ಎಳೇದ್ನ ಹುಡುಕುತ್ತೆ, ಒತ್ತಾಗಿರೋದ್ನ ತೆಗೆಯುತ್ತೆ. ಈ ಕಡೆ ಇಪ್ಪತ್ತು ಮನೆ ಇದಾವೆ. ಬರ್ತಾರೆ. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

"ನಾನೂ ಕೀಳ್ತೀನಿ," ಅಂದೆ. "ಯಾವ್ದು ಕೀಳೋದು, ಯಾವ್ದು ಬಿಡೋದು, ಯಾವಾಗ ನಿಲ್ಸೋದು, ಹೇಳ್ಕೊಡಿ."

ಅವರು ಕೈ ಒರೆಸಿಕೊಂಡು ನನ್ನ ಕೈ ನೋಡಿದರು, ಅದರಲ್ಲಿ ಏನಾದರೂ ಇದೆಯೇ ಎಂಬಂತೆ. "ಬರ್ಕೊತೀಯಾ?"

"ಬರ್ಕೊಳ್ಳೋಣ ಅಂತ."

"ಬರ್ಕೊಂಡ್ರೆ ಹೇಳಲ್ಲ. ಬರ್ದಿಟ್ರೆ ಮುಂದಿನ ವರ್ಷ ನೀನು ಗಿಡ ನೋಡಲ್ಲ, ಅದ್ನೇ ನೋಡ್ತೀಯ."

"ಬರ್ಕೊಳ್ಳಲ್ಲ."

"ಆಣೆ?"

"ಆಣೆ."

ಹಸುವನ್ನು ಬಿಸಿಲಿಗೆ ಕಟ್ಟಿ ಬಂದು ಜಗಲಿಯ ಮೇಲೆ ಕೂತರು, ನನ್ನನ್ನೂ ಕೂರಿಸಿಕೊಂಡರು. ಎಲ್ಲ ಹೇಳಿದರು, ಬೆರಳು ಹಿಡಿದು ತೋರಿಸಿ, ಎರಡು ಸಲ ನನ್ನಿಂದ ತಿರುಗಿ ಹೇಳಿಸಿ. ಅದು ಹೇಗೆಂದರೆ— ಇಲ್ಲ, ಆಣೆ ಮಾಡಿದ್ದೇನೆ. ಬರೆಯುವುದಿಲ್ಲ.